ಕಾರಿಗೆ ನಿಮ್ಮದೇ ಸಬ್‌ವೂಫರ್: ಬಾಕ್ಸ್ ಲೆಕ್ಕದಿಂದ ಟ್ಯೂನಿಂಗ್‌ವರೆಗೆ

ನಾನು ಕಟ್ಟಿದ ಮೊದಲ ಬಾಕ್ಸ್ ನೋಡಲು ಬಹಳ ಚೆನ್ನಾಗಿತ್ತು. ಡಿಕ್ಕಿಯ ಮೂಲೆಯಲ್ಲಿ ಉಳಿದಿದ್ದ ಜಾಗಕ್ಕೆ ಅಚ್ಚುಕಟ್ಟಾಗಿ ಕೂತಿತ್ತು. ಒಳಗೆ ಒಳ್ಳೆಯ 12 ಇಂಚಿನ ಸಬ್, ಅಂದರೆ ಬಾಸ್ ಸ್ವರಗಳಿಗೆಂದೇ ಇರುವ ಸಬ್‌ವೂಫರ್ ಸ್ಪೀಕರ್. ಹಿಂದೆ ಒಳ್ಳೆಯ ಆಂಪ್, ಅಂದರೆ ಅದಕ್ಕೆ ಪವರ್ ಕೊಡುವ ಆಂಪ್ಲಿಫೈಯರ್. ಆದರೆ ಯಾವ ಹಾಡು ಹಾಕಿದರೂ ಒಂದೇ ಸ್ವರದಲ್ಲಿ ಗುಮ್ ಗುಮ್ ಅನ್ನುತ್ತಿತ್ತು. ಸಬ್ ಕೆಟ್ಟಿದೆ ಅಂದುಕೊಂಡೆ, ಆಂಪ್ ಬದಲಿಸಿದೆ, ದಪ್ಪ ವೈರ್ ಎಳೆದೆ. ಏನೂ ಆಗಲಿಲ್ಲ. ಕೊನೆಗೆ ಟೇಪ್ ಹಿಡಿದು ಬಾಕ್ಸ್ ಅಳೆದೆ. ಒಳಗಿದ್ದದ್ದು ಬರೀ 15 ಲೀಟರ್ ಗಾಳಿ. ಆ ಸಬ್‌ಗೆ ಬೇಕಿದ್ದದ್ದು 40.

ಹಾಗಾಗಿ ಇಲ್ಲಿ ಬಾಕ್ಸ್ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಸಬ್ ಮತ್ತು ಆಂಪ್ ಅಂಗಡಿಯಲ್ಲಿ ಸಿಗುತ್ತವೆ. ನಿಮ್ಮ ಸಬ್‌ಗೆ, ನಿಮ್ಮ ಡಿಕ್ಕಿಗೆ ಸರಿಹೊಂದುವ ಬಾಕ್ಸ್ ಸಿಗುವುದಿಲ್ಲ. ಅದನ್ನು ನೀವೇ ಕಟ್ಟಬೇಕು.

ಉದಾಹರಣೆಗೆ ಒಂದು ಸರಳ ಸಿಸ್ಟಮ್ ತೆಗೆದುಕೊಳ್ಳೋಣ. 12 ಇಂಚಿನ ಒಂದು ಸಬ್, ಆರ್‌ಎಂಎಸ್, ಅಂದರೆ ಸತತವಾಗಿ ತಡೆಯಬಲ್ಲ ಪವರ್, 400 ವ್ಯಾಟ್. ಸೀಲ್ಡ್ ಬಾಕ್ಸ್, ಅಂದರೆ ಪೂರ್ತಿ ಮುಚ್ಚಿದ ಪೆಟ್ಟಿಗೆ. 2 ಓಮ್‌ನಲ್ಲಿ (ಓಮ್ ಅಂದರೆ ಸಬ್ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ) 500 ವ್ಯಾಟ್ ಕೊಡುವ ಒಂದು ಮೋನೋಬ್ಲಾಕ್, ಅಂದರೆ ಒಂದೇ ಚಾನೆಲ್‌ನ, ಆಂಪ್. ನಿಮ್ಮ ಅಂಕಿಗಳು ಬೇರೆ ಇದ್ದರೂ ಲೆಕ್ಕದ ದಾರಿ ಇದೇ.

ಮೊದಲು ಕಾರನ್ನೇ ನೋಡಿ

ಕಾರಿನ ಒಳಭಾಗ ಒಂದು ಚಿಕ್ಕ ಮುಚ್ಚಿದ ಕೋಣೆ. ಸದ್ದಿನ ಅಲೆಯ ಅರ್ಧವೇ ಆ ಕೋಣೆಗಿಂತ ಉದ್ದವಾದಾಗ ಅದು ಒಳಗೆ ಓಡಾಡುವುದಿಲ್ಲ. ಇಡೀ ಗಾಳಿಯನ್ನೇ ಒತ್ತಿ ಬಿಡುತ್ತದೆ. ಆಗ ಕೆಳಗಿನ ಸ್ವರಗಳು ತಾವಾಗಿಯೇ ಜೋರಾಗುತ್ತವೆ. ಇದನ್ನು ಕ್ಯಾಬಿನ್ ಗೇನ್ ಅನ್ನುತ್ತಾರೆ. ಒಳಗಿನ ಉದ್ದ ಎರಡೂವರೆ ಮೀಟರ್ ಇದ್ದರೆ ಇದು ಸುಮಾರು 70 ಹರ್ಟ್ಜ್‌ನಿಂದ ಕೆಳಗೆ ಶುರುವಾಗುತ್ತದೆ. ಲೆಕ್ಕದ ಪ್ರಕಾರ ಅಲ್ಲಿಂದ ಪ್ರತಿ ಆಕ್ಟೇವ್‌ಗೆ, ಅಂದರೆ ಆವರ್ತನ ಅರ್ಧಕ್ಕೆ ಇಳಿದಾಗಲೆಲ್ಲ, 12 ಡೆಸಿಬೆಲ್ ಏರಬೇಕು. ನಿಜವಾದ ಕಾರಿನಲ್ಲಿ ಬಾಗಿಲು, ಗಾಜು, ಸಂದುಗಳಿಂದ ಸೋರಿ ಅಷ್ಟು ಸಿಗುವುದಿಲ್ಲ. ಆದರೂ ಸಿಗುವುದು ಕಡಿಮೆಯೇನಲ್ಲ.

ಇದರ ಮಜಾ ನೋಡಿ. ಸೀಲ್ಡ್ ಬಾಕ್ಸ್‌ನ ಸದ್ದು ತನ್ನ ಮಿತಿಯಿಂದ ಕೆಳಗೆ ಪ್ರತಿ ಆಕ್ಟೇವ್‌ಗೆ 12 ಡೆಸಿಬೆಲ್ ಇಳಿಯುತ್ತದೆ. ಬಾಕ್ಸ್ ಇಳಿಸಿದ್ದನ್ನು ಕಾರು ಎತ್ತಿ ಕೊಡುತ್ತದೆ. ಮನೆಯಲ್ಲಿ ಸಪ್ಪೆ ಅನ್ನಿಸುವ ಸೀಲ್ಡ್ ಬಾಕ್ಸ್ ಕಾರಿನಲ್ಲಿ ತುಂಬಿಕೊಂಡು ಕೇಳುವುದು ಇದರಿಂದಲೇ.

ಡಿಕ್ಕಿಯಲ್ಲಿ ಎಷ್ಟು ಜಾಗ ಬಿಟ್ಟುಕೊಡಬಲ್ಲಿರಿ ಎಂದು ಈಗಲೇ ತೀರ್ಮಾನಿಸಿ. ಸ್ಟೆಪ್ನಿ ತೆಗೆಯಲು ಬರಬೇಕು, ಸೀಟ್ ಮಡಚಲು ಬರಬೇಕು. ಡಿಕ್ಕಿ ಬಾಗಿಲಿನ ಕಿಂಡಿಯಲ್ಲಿ ಬಾಕ್ಸ್ ಒಳಗೆ ಹೋಗುತ್ತದೆಯೇ ಎಂದೂ ನೋಡಿ. ನಗಬೇಡಿ, ಕಟ್ಟಿ ಮುಗಿದ ಮೇಲೆ ಒಳಗೆ ಹೋಗದ ಬಾಕ್ಸ್‌ಗಳನ್ನು ಕಂಡಿದ್ದೇನೆ. ರಟ್ಟಿನಲ್ಲಿ ಅದೇ ಅಳತೆಯ ಡಬ್ಬ ಮಾಡಿ ಇಟ್ಟು ನೋಡುವುದು ಒಂದು ಗಂಟೆಯ ಕೆಲಸ.

ಸಬ್ ಆರಿಸುವುದು

ಪ್ಯಾಕೆಟ್ ಮೇಲೆ ದೊಡ್ಡದಾಗಿ 2000 ವ್ಯಾಟ್ ಅಂತ ಬರೆದಿರುತ್ತಾರೆ. ಅದು ಪೀಕ್, ಅಂದರೆ ಒಂದು ಕ್ಷಣಕ್ಕಷ್ಟೇ. ಅದನ್ನು ಮರೆತುಬಿಡಿ. ಆರ್‌ಎಂಎಸ್ ಎಷ್ಟು ಅನ್ನುವುದೊಂದೇ ಲೆಕ್ಕಕ್ಕೆ ಬರುವುದು.

ಅದಕ್ಕಿಂತ ಮುಖ್ಯವಾದ ಅಂಕಿಗಳು ಒಳಗಿನ ಕಾಗದದಲ್ಲಿರುತ್ತವೆ. ಇವುಗಳಿಗೆ ಥೀಲ್-ಸ್ಮಾಲ್ ಅಂಕಿಗಳು ಎಂದು ಹೆಸರು. ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಈ ದಾರಿ ತೋರಿಸಿದರು. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಅದಕ್ಕೂ ಮುಂಚೆ ಬಾಕ್ಸ್ ಕಟ್ಟುವುದು ಮುಕ್ಕಾಲುಪಾಲು ಅಂದಾಜಿನ ಕೆಲಸವಾಗಿತ್ತು. ನಮಗೆ ಬೇಕಾದವು ನಾಲ್ಕೇ. ಎಫ್‌ಎಸ್ ಅಂದರೆ ಕೋನ್ (ಸಬ್‌ನ ಮುಂದೆ ಅಲುಗಾಡುವ ತಟ್ಟೆ) ತಾನಾಗಿ ಕಂಪಿಸುವ ಸಹಜ ಆವರ್ತನ. ಕ್ಯುಟಿಎಸ್ ಅಂದರೆ ಆ ಕಂಪನಕ್ಕೆ ಎಷ್ಟು ಕಡಿವಾಣ ಇದೆ ಎಂಬ ಅಂಕಿ. ಕಡಿಮೆ ಇದ್ದಷ್ಟೂ ಬಿಗಿ ಕಡಿವಾಣ. ವಿಎಎಸ್ ಅಂದರೆ ಕೋನ್‌ನ ಸ್ಪ್ರಿಂಗ್‌ನಷ್ಟೇ ಗಡುಸಾದ ಗಾಳಿಯ ಪ್ರಮಾಣ, ಲೀಟರ್‌ನಲ್ಲಿ. ಎಕ್ಸ್‌ಮ್ಯಾಕ್ಸ್ ಅಂದರೆ ಕೋನ್ ಹದ ತಪ್ಪದೆ ಒಂದು ಕಡೆಗೆ ಎಷ್ಟು ಮಿಲಿಮೀಟರ್ ಚಲಿಸಬಲ್ಲದು ಎಂಬುದು.

ಈ ಅಂಕಿಗಳನ್ನೇ ಕೊಡದ ಸಬ್ ಕೊಳ್ಳಬೇಡಿ. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಸರಿ. ಅದಕ್ಕೆ ಬಾಕ್ಸ್ ಕಟ್ಟುವುದು ಕಣ್ಣು ಕಟ್ಟಿಕೊಂಡು ಬಟ್ಟೆ ಹೊಲಿದ ಹಾಗೆ.

ಕೋನನ್ನು ಅಲುಗಾಡಿಸುವ ತಂತಿಯ ಸುರುಳಿ, ಅಂದರೆ ಕಾಯಿಲ್, ಅದರ ವಿಷಯವನ್ನೂ ಈಗಲೇ ನೋಡಿಕೊಳ್ಳಿ. ಡಬಲ್ ಕಾಯಿಲ್ ಸಬ್‌ನಲ್ಲಿ 4 ಓಮ್‌ನ ಎರಡು ಕಾಯಿಲ್ ಇದ್ದರೆ, ಪ್ಯಾರಲಲ್ ಜೋಡಿಸಿದಾಗ 2 ಓಮ್, ಸೀರೀಸ್ ಜೋಡಿಸಿದಾಗ 8 ಓಮ್. 2 ಓಮ್‌ನ ಎರಡು ಕಾಯಿಲ್ ಇದ್ದರೆ 1 ಅಥವಾ 4. ಆಂಪ್ ಎಷ್ಟು ಓಮ್‌ವರೆಗೆ ತಡೆಯುತ್ತದೆ ಎಂದು ನೋಡಿಯೇ ಸಬ್ ಆರಿಸಿ. ತಪ್ಪಿದರೆ ಆಂಪ್ ಬಿಸಿಯಾಗಿ ಆಫ್ ಆಗುತ್ತದೆ, ಇಲ್ಲವೇ ಸುಡುತ್ತದೆ.

ಸೀಲ್ಡಾ, ಪೋರ್ಟೆಡ್ಡಾ?

ಮೊದಲ ಸಲ ಕಟ್ಟುವವರಿಗೆ ನನ್ನ ಉತ್ತರ ಸೀಲ್ಡ್. ಲೆಕ್ಕ ಸುಲಭ, ಸಣ್ಣ ತಪ್ಪನ್ನು ಅದು ಸಹಿಸಿಕೊಳ್ಳುತ್ತದೆ, ಬಾಕ್ಸ್ ಚಿಕ್ಕದು.

ಪೋರ್ಟೆಡ್ ಬಾಕ್ಸ್, ಅಂದರೆ ಗಾಳಿ ಹೊರಬರಲು ಕೊಳವೆ (ಪೋರ್ಟ್) ಇರುವ ಪೆಟ್ಟಿಗೆ, ಅಷ್ಟೇ ವ್ಯಾಟ್‌ಗೆ ಜಾಸ್ತಿ ಸದ್ದು ಕೊಡುತ್ತದೆ, ನಿಜ. ಆದರೆ ಟ್ಯೂನ್ ಮಾಡಿದ ಆವರ್ತನಕ್ಕಿಂತ ಕೆಳಗೆ ಕೋನ್‌ಗೆ ಗಾಳಿಯ ತಡೆಯೇ ಇರುವುದಿಲ್ಲ. ಲಗಾಮಿಲ್ಲದ ಕುದುರೆ. ತೀರಾ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಹಾಕದಿದ್ದರೆ ಅದು ತನ್ನನ್ನೇ ಹರಿದುಕೊಳ್ಳುತ್ತದೆ. ಪೋರ್ಟ್ ಸಣ್ಣದಾದರೆ ಗಾಳಿ ಬುಸ್ ಬುಸ್ ಅನ್ನುತ್ತದೆ. ದೊಡ್ಡದಾದರೆ ಉದ್ದವೂ ಬೆಳೆಯುತ್ತದೆ. 50 ಲೀಟರ್ ಬಾಕ್ಸನ್ನು 34 ಹರ್ಟ್ಜ್‌ಗೆ ಟ್ಯೂನ್ ಮಾಡಲು 10 ಸೆಂಟಿಮೀಟರ್ ಅಗಲದ ಕೊಳವೆ ಸುಮಾರು 33 ಸೆಂಟಿಮೀಟರ್ ಉದ್ದ ಬೇಕು. ಅದನ್ನು ಎಲ್ಲಿ ಕೂರಿಸುತ್ತೀರಿ? ಇದು ಎರಡನೇ ಬಾಕ್ಸ್‌ಗೆ ಇರಲಿ. ಆಗ ವಿನ್‌ಐಎಸ್‌ಡಿ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ. ಕೋನ್ ಎಷ್ಟು ಚಲಿಸುತ್ತದೆ, ಪೋರ್ಟ್‌ನಲ್ಲಿ ಗಾಳಿಯ ವೇಗ ಎಷ್ಟು ಎಂದು ಗ್ರಾಫ್‌ನಲ್ಲೇ ತೋರಿಸುತ್ತದೆ.

ಲೀಟರ್ ಲೆಕ್ಕ

ಸೀಲ್ಡ್ ಬಾಕ್ಸ್‌ನಲ್ಲಿ ಸಬ್ ಕೂತ ಮೇಲೆ ಕ್ಯುಟಿಎಸ್ ಏರುತ್ತದೆ. ಏರಿದ ಅಂಕಿಗೆ ಕ್ಯುಟಿಸಿ ಎಂದು ಹೆಸರು. ಅದು 0.707 ಆದರೆ ಸದ್ದು ಎಲ್ಲೂ ಉಬ್ಬದೆ ಸಮವಾಗಿರುತ್ತದೆ. ನಮ್ಮ ಗುರಿ ಅದೇ.

ದಾರಿ ಹೀಗೆ: 0.707ನ್ನು ಕ್ಯುಟಿಎಸ್‌ನಿಂದ ಭಾಗಿಸಿ. ಬಂದದ್ದನ್ನು ವರ್ಗ ಮಾಡಿ. ಅದರಿಂದ 1 ಕಳೆಯಿರಿ. ವಿಎಎಸ್ ಅನ್ನು ಆ ಉತ್ತರದಿಂದ ಭಾಗಿಸಿ. ಅಷ್ಟು ಲೀಟರ್ ಬೇಕು.

ಕ್ಯುಟಿಎಸ್ 0.5, ವಿಎಎಸ್ 40 ಲೀಟರ್, ಎಫ್‌ಎಸ್ 30 ಹರ್ಟ್ಜ್ ಇರಲಿ. 0.707 ಭಾಗಿಸು 0.5 ಅಂದರೆ 1.414. ವರ್ಗ 2. ಒಂದು ಕಳೆದರೆ 1. ಹಾಗಾದರೆ ಬಾಕ್ಸ್ 40 ಲೀಟರ್. ಬಾಕ್ಸ್‌ನಲ್ಲಿ ಕೂತ ಸಬ್‌ನ ಆವರ್ತನವೂ ಅದೇ 1.414 ಪಟ್ಟು ಏರಿ 42 ಹರ್ಟ್ಜ್‌ಗೆ ಬರುತ್ತದೆ.

ಇದೇ ಸಬ್ಬನ್ನು ನನ್ನ ಆ 15 ಲೀಟರ್ ಡಬ್ಬದಲ್ಲಿ ಹಾಕಿದರೆ? ಕ್ಯುಟಿಸಿ 0.96, ಆವರ್ತನ 57 ಹರ್ಟ್ಜ್. ಅಂದರೆ ಆಳದ ಸ್ವರ ಸೊರಗಿ, ಅದರ ಮೇಲಿನ ಸ್ವರಗಳಲ್ಲಿ ಗುಡ್ಡ ಎದ್ದು ನಿಲ್ಲುತ್ತದೆ. ಅದೇ ಆ ಗುಮ್ ಗುಮ್.

ಈ 40 ಲೀಟರ್ ಅನ್ನುವುದು ಒಳಗೆ ಉಳಿಯುವ ಗಾಳಿ. ಸಬ್‌ನ ಮ್ಯಾಗ್ನೆಟ್ ಮತ್ತು ಚೌಕಟ್ಟು ಸುಮಾರು 2.2 ಲೀಟರ್ ನುಂಗುತ್ತವೆ ಎನ್ನೋಣ. ನಿಮ್ಮ ಸಬ್‌ನ ಅಂಕಿ ಅದೇ ಕಾಗದದಲ್ಲಿರುತ್ತದೆ. ಒಳಗಿನ ಆಧಾರದ ಪಟ್ಟಿಗಳಿಗೆ 2 ಲೀಟರ್. ಒಟ್ಟು 44.2. ಒಳ ಅಳತೆ 50 × 34 × 26 ಸೆಂಟಿಮೀಟರ್ ಇಟ್ಟರೆ ಸರಿಯಾಗಿ 44.2 ಲೀಟರ್ ಬರುತ್ತದೆ.

ಎಲ್ಲರೂ ಎಡವುವುದು ಇಲ್ಲೇ. 50 × 34 × 26 ಅನ್ನುವುದನ್ನು ಹೊರ ಅಳತೆ ಅಂದುಕೊಂಡು ಹಲಗೆ ಕತ್ತರಿಸುತ್ತಾರೆ. 18 ಮಿಲಿಮೀಟರ್ ದಪ್ಪದ ಹಲಗೆ ಎರಡೂ ಕಡೆ ಕಳೆದರೆ ಒಳಗೆ ಉಳಿಯುವುದು 31.6 ಲೀಟರ್. ಸಬ್, ಪಟ್ಟಿ ಕಳೆದರೆ 27.4. ಮೂರರಲ್ಲಿ ಒಂದು ಪಾಲು ಹೋಯಿತು!

ಇನ್ನೊಂದು ಮಾತು. ಬಾಕ್ಸ್‌ನ ಅಳತೆಗಳು ವಿಶೇಷ ಅನುಪಾತದಲ್ಲೇ ಇರಬೇಕು, ಇಲ್ಲದಿದ್ದರೆ ಒಳಗೆ ಅಲೆಗಳು ಗೋಡೆಗಳ ನಡುವೆ ನಿಂತುಬಿಟ್ಟು ಸದ್ದು ಕೆಡಿಸುತ್ತವೆ ಎಂದು ಕೆಲವರು ಹೆದರಿಸುತ್ತಾರೆ. 50 ಸೆಂಟಿಮೀಟರ್ ಉದ್ದದ ಬಾಕ್ಸ್‌ನಲ್ಲಿ ಅಂಥ ಅಲೆ ನಿಲ್ಲುವುದು 340 ಹರ್ಟ್ಜ್ ಹತ್ತಿರ. ಸಬ್ ಅಲ್ಲಿಗೆ ಹೋಗುವುದೇ ಇಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಬಾಕ್ಸ್ ಕಟ್ಟುವುದು

ಹಲಗೆ 18 ಮಿಲಿಮೀಟರ್ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಭಾರ, ಸಮ ಸಾಂದ್ರತೆ, ಸುಲಭವಾಗಿ ಕತ್ತರಿಸಬಹುದು. ನೀರು ಮಾತ್ರ ಆಗದು. ಒದ್ದೆಯಾಗುವ ಡಿಕ್ಕಿಗೆ ಬರ್ಚ್ ಪ್ಲೈವುಡ್ ಒಳ್ಳೆಯದು. ಹಗುರವೂ ಹೌದು, ದುಬಾರಿಯೂ ಹೌದು. ಪಾರ್ಟಿಕಲ್ ಬೋರ್ಡ್ ಬೇಡ. ಸ್ಕ್ರೂ ಹಿಡಿಯುವುದಿಲ್ಲ.

ಕತ್ತರಿಸಬೇಕಾದ ತುಂಡುಗಳು, ಸೆಂಟಿಮೀಟರ್‌ನಲ್ಲಿ:

- ಮುಂದೆ ಮತ್ತು ಹಿಂದೆ: 53.6 × 37.6, ಮೂರು ತುಂಡು
- ಮೇಲೆ ಮತ್ತು ಕೆಳಗೆ: 53.6 × 26, ಎರಡು ತುಂಡು
- ಎರಡು ಪಕ್ಕ: 34 × 26, ಎರಡು ತುಂಡು

ಮೂರನೆಯದು ಏಕೆ ಅಂದರೆ, ಸಬ್ ಕೂರುವ ಮುಂಭಾಗ ಎರಡು ಪದರ ಇರಲಿ. ಅಷ್ಟು ಭಾರದ ಸಬ್ ಕುಣಿಯುವಾಗ ಒಂದೇ ಹಲಗೆ ಅದುರುತ್ತದೆ. ಈ ಪದರ ಹೊರಗಿನಿಂದ ಬರುವುದರಿಂದ ಒಳಗಿನ ಲೀಟರ್ ಬದಲಾಗುವುದಿಲ್ಲ.

ಕತ್ತರಿಸುವ ಕೆಲಸವನ್ನು ಟೇಬಲ್ ಗರಗಸ ಇರುವ ಬಡಗಿಯ ಹತ್ತಿರ ಮಾಡಿಸಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಕೈಯಲ್ಲಿ ಕತ್ತರಿಸಿದ ಅಂಚು ಎರಡು ಮಿಲಿಮೀಟರ್ ಓರೆಯಾದರೂ ಗಾಳಿ ಸೋರುತ್ತದೆ. ಎಂಡಿಎಫ್ ಧೂಳು ಬಹಳ ನಯ, ಅದರ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಮಾಸ್ಕ್, ಕನ್ನಡಕ ಹಾಕಿಕೊಂಡು ಹೊರಗೆ ಕೆಲಸ ಮಾಡಿ.

ಮೊದಲು ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ ನೋಡಿ. ಮೂಲೆಮಟ್ಟ ಹಿಡಿದು ಮೂಲೆಗಳನ್ನು ನೋಡಿ. ಆಮೇಲೆ ಅಂಚಿನ ಉದ್ದಕ್ಕೂ ಮರಕ್ಕೆ ಹಾಕುವ ಬಿಳಿ ಅಂಟು ಹಚ್ಚಿ, ಕ್ಲಾಂಪ್ ಬಿಗಿದು, ಸ್ಕ್ರೂ ಹಾಕಿ. ಎಂಡಿಎಫ್ ಅಂಚಿಗೆ ನೇರವಾಗಿ ಸ್ಕ್ರೂ ತಿರುಗಿಸಿದರೆ ಹಲಗೆ ಸೀಳುತ್ತದೆ. ಮೊದಲು ಸಣ್ಣ ರಂಧ್ರ ಕೊರೆಯಲೇಬೇಕು. ನಿಜವಾಗಿ ಹಿಡಿದಿಡುವುದು ಅಂಟು. ಸ್ಕ್ರೂ ಇರುವುದು ಅಂಟು ಒಣಗುವ ತನಕ ಕಾವಲಿಗೆ.

ಕೆಳಗಿನ ಹಲಗೆ, ಪಕ್ಕಗಳು, ಹಿಂಭಾಗ, ಮೇಲಿನ ಹಲಗೆ, ಕೊನೆಗೆ ಮುಂಭಾಗ. ಮುಂಭಾಗ ಮುಚ್ಚುವ ಮೊದಲು ಒಳಗೆ ಆಧಾರದ ಪಟ್ಟಿ ಕೂರಿಸಿ. ದೊಡ್ಡ ಹಲಗೆಗಳ ನಡುವೆ ಹಿಂದಿನಿಂದ ಮುಂದಕ್ಕೆ, ಮೇಲಿನಿಂದ ಕೆಳಕ್ಕೆ. ಸರಿಯಾಗಿ ನಡುವಿನಲ್ಲಿ ಬೇಡ, ಸ್ವಲ್ಪ ಪಕ್ಕಕ್ಕೆ ಇರಲಿ. ಸಬ್‌ನ ಮ್ಯಾಗ್ನೆಟ್‌ಗೆ ತಾಗದಂತೆ ನೋಡಿಕೊಳ್ಳಿ.

ಸಬ್‌ನ ಗುಂಡನೆಯ ರಂಧ್ರಕ್ಕೆ ಕಾಗದದಲ್ಲಿರುವ ಕಟ್‌ಔಟ್ ಅಳತೆಯನ್ನೇ ಬಳಸಿ. 12 ಇಂಚಿನ ಸಬ್‌ಗೆ 12 ಇಂಚಿನ ರಂಧ್ರ ಕೊರೆದರೆ ಸಬ್ ಒಳಗೆ ಬಿದ್ದುಹೋಗಬಹುದು. ಸಾಮಾನ್ಯವಾಗಿ ಅದು 28 ಸೆಂಟಿಮೀಟರ್ ಆಚೀಚೆ ಇರುತ್ತದೆ. ಕೈವಾರದಲ್ಲಿ ವೃತ್ತ ಎಳೆದು, ಒಳಗೆ ಒಂದು ರಂಧ್ರ ಕೊರೆದು, ಅಲ್ಲಿಂದ ಜಿಗ್‌ಸಾ ಓಡಿಸಿ. ಹಿಂದೆ ವೈರ್ ಜೋಡಿಸುವ ಟರ್ಮಿನಲ್ ಕಪ್‌ಗೂ ಒಂದು ರಂಧ್ರ. ಸಬ್ ಕೂರಿಸಲು ಬರೀ ಮರದ ಸ್ಕ್ರೂ ಬೇಡ, ಎರಡು ಸಲ ಬಿಚ್ಚಿದರೆ ಸಡಿಲವಾಗುತ್ತದೆ. ಹಲಗೆಯ ಹಿಂದೆ ಟಿ-ನಟ್ (ಹಲಗೆಗೆ ಹಲ್ಲು ಕಚ್ಚಿ ಕೂರುವ ನಟ್) ಕೂರಿಸಿ ಬೋಲ್ಟ್ ಹಾಕಿ.

ಅಂಟು ಒಣಗಿದ ಮೇಲೆ ಒಳಗಿನ ಎಲ್ಲ ಮೂಲೆಗಳಿಗೂ ಸಿಲಿಕೋನ್ ಸೀಲೆಂಟ್ ಎಳೆದು ಬೆರಳಿನಿಂದ ಒತ್ತಿ. ವಿನಿಗರ್ ವಾಸನೆ ಬರುವ ಸಿಲಿಕೋನ್ ಆದರೆ ಅದರ ಆವಿ ಲೋಹವನ್ನು ತಿನ್ನುತ್ತದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟು ಆಮೇಲೆ ಸಬ್ ಹಾಕಿ. ಸಬ್ ಮತ್ತು ಹಲಗೆಯ ನಡುವೆ ಫೋಮ್ ಗ್ಯಾಸ್ಕೆಟ್ ಟೇಪ್ ಇರಲಿ.

ಸೋರಿಕೆ ನೋಡುವುದು ಹೀಗೆ. ಕೋನ್ ಮೇಲೆ ಎರಡೂ ಕೈ ಸಮವಾಗಿ ಇಟ್ಟು ಮೆಲ್ಲಗೆ ಒತ್ತಿ, ಬಿಡಿ. ನಿಧಾನವಾಗಿ, ಗಾಳಿಯ ಎದುರೊತ್ತಿನಲ್ಲಿ ಮೇಲೆ ಬಂದರೆ ಬಾಕ್ಸ್ ಬಿಗಿಯಾಗಿದೆ. ಒತ್ತುವಾಗ ಎದುರೊತ್ತೇ ಇಲ್ಲದಿದ್ದರೆ ಎಲ್ಲೋ ಸೋರುತ್ತಿದೆ. ತೆಳುವಾದ ಟಿಶ್ಯೂ ಪಟ್ಟಿಯನ್ನು ಅಂಚುಗಳ ಹತ್ತಿರ ಹಿಡಿದು, ಕಡಿಮೆ ಸದ್ದಿನಲ್ಲಿ ನುಡಿಸಿದರೆ ಸೋರುವ ಜಾಗದಲ್ಲಿ ಅದು ನಡುಗುತ್ತದೆ.

ಬಾಕ್ಸ್ ಸ್ವಲ್ಪ ಚಿಕ್ಕದಾಯಿತು ಅನ್ನಿಸಿದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಸುಮಾರು 400 ಗ್ರಾಂ ಹರಡಿ ತುಂಬಿ. ಬಾಕ್ಸ್ ನಿಜ ಅಳತೆಗಿಂತ ದೊಡ್ಡದಾದಂತೆ ವರ್ತಿಸುತ್ತದೆ. ಹತ್ತರಲ್ಲಿ ಒಂದು ಪಾಲಿನಷ್ಟು ನಿರೀಕ್ಷಿಸಬಹುದು. ಅದರಿಂದ 15 ಲೀಟರ್ ಏನೂ 40 ಆಗಲ್ಲ.

ಕಾರ್ಪೆಟ್ ಸುತ್ತುವುದೋ ಬಣ್ಣ ಬಳಿಯುವುದೋ ನಿಮ್ಮ ಇಷ್ಟ. ಬಾಕ್ಸನ್ನು ಕಾರಿಗೆ ಕಟ್ಟುವುದು ಮಾತ್ರ ಇಷ್ಟದ ವಿಷಯ ಅಲ್ಲ. ಸಬ್ ಸೇರಿ ಇದು 20 ಕಿಲೋ ದಾಟಬಹುದು. ಜೋರಾಗಿ ಬ್ರೇಕ್ ಹೊಡೆದರೆ ಸೀಟಿನ ಹಿಂಬದಿಗೆ ಬಂದು ಗುದ್ದುತ್ತದೆ. ಬ್ರಾಕೆಟ್ ಇಲ್ಲವೇ ಪಟ್ಟಿಯಿಂದ ಬಾಡಿಗೆ ಬಿಗಿಯಿರಿ. ನೆಲಕ್ಕೆ ರಂಧ್ರ ಕೊರೆಯುವುದಾದರೆ ಕೆಳಗೆ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಇಲ್ಲವೆಂದು ಕಣ್ಣಾರೆ ನೋಡಿ.

ವೈರಿಂಗ್

ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ. ಅದರಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಹಳದಿ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ನದು. ಅದನ್ನೂ ಬಿಟ್ಟುಬಿಡಿ.

ಎಷ್ಟು ಕರೆಂಟ್ ಎಳೆಯುತ್ತದೆ? ಕ್ಲಾಸ್ ಡಿ (ಕರೆಂಟ್ ಕಡಿಮೆ ಪೋಲು ಮಾಡುವ ಬಗೆಯ) ಆಂಪ್ ತಾನು ಪಡೆದದ್ದರಲ್ಲಿ ಸುಮಾರು ಶೇ. 80ರಷ್ಟನ್ನು ಸಬ್‌ಗೆ ಕೊಡುತ್ತದೆ. 500 ವ್ಯಾಟ್ ಕೊಡಲು 625 ವ್ಯಾಟ್ ಬೇಕು. 13.8 ವೋಲ್ಟ್‌ನಿಂದ ಭಾಗಿಸಿದರೆ 45 ಆಂಪಿಯರ್. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ಎಂದಿಟ್ಟುಕೊಳ್ಳಿ. 4 ಗೇಜ್ ತಾಮ್ರದ ವೈರ್‌ನಲ್ಲಿ, ಅಂದರೆ 21 ಚದರ ಮಿಲಿಮೀಟರ್‌ನಲ್ಲಿ, 0.2 ವೋಲ್ಟ್ ಮಾತ್ರ ಕಳೆದುಹೋಗುತ್ತದೆ. ಅದಕ್ಕಿಂತ ತೆಳುವಾದ 8 ಗೇಜ್ ಆದರೆ ಅರ್ಧ ವೋಲ್ಟ್. 4 ಗೇಜ್ ಹಾಕಿ.

ತಾಮ್ರದ ತೆಳು ಪದರ ಹೊದಿಸಿದ ಅಲ್ಯೂಮಿನಿಯಂ ವೈರ್‌ಗಳೂ ಸಿಗುತ್ತವೆ. ನೋಡಲು ಒಂದೇ ತರ. ಒಂದು ಎಳೆಯನ್ನು ಬ್ಲೇಡ್‌ನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಅದನ್ನೇ ಬಳಸುವುದಾದರೆ ಇನ್ನೂ ದಪ್ಪದ್ದು ಬೇಕು.

ಬ್ಯಾಟರಿಯ ಪಾಸಿಟಿವ್‌ನಿಂದ 45 ಸೆಂಟಿಮೀಟರ್ ಒಳಗೇ ಫ್ಯೂಸ್ ಇರಬೇಕು. ನಮ್ಮ ಲೆಕ್ಕಕ್ಕೆ 60 ಆಂಪಿಯರ್. ಈ ಫ್ಯೂಸ್ ಆಂಪ್ ಉಳಿಸಲು ಅಲ್ಲ, ಕಾರು ಸುಡದಿರಲು. ಎಲ್ಲೋ ವೈರ್ ಉಜ್ಜಿ ಬಾಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಕರೆಂಟ್ ಅದರಲ್ಲಿ ಹರಿಯುತ್ತದೆ. ಎಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ರಂಧ್ರದಲ್ಲಿ ರಬ್ಬರ್ ಗ್ರಾಮೆಟ್ ಇಲ್ಲದೆ ವೈರ್ ಎಳೆಯಬೇಡಿ.

ಅರ್ಥ್ ವೈರ್ ಪವರ್ ವೈರ್‌ನಷ್ಟೇ ದಪ್ಪ, ಆದಷ್ಟು ಗಿಡ್ಡ. ಡಿಕ್ಕಿಯಲ್ಲೇ ಬಾಡಿಯ ದಪ್ಪ ತಗಡು ಹುಡುಕಿ, ಬಣ್ಣ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಿ, ರಿಂಗ್ ಟರ್ಮಿನಲ್ ಇಟ್ಟು ಬೋಲ್ಟ್ ಬಿಗಿಯಿರಿ. ತುಕ್ಕು ಹಿಡಿಯದಂತೆ ಮೇಲಿನಿಂದ ಬಣ್ಣ ಹಚ್ಚಿ. ಸೀಟ್‌ಬೆಲ್ಟ್ ಬೋಲ್ಟ್‌ಗೆ ಕಟ್ಟಬೇಡಿ. ಎಂಜಿನ್ ವೇಗದ ಜೊತೆ ಏರಿಳಿಯುವ ಕುಂಯ್ ಎಂಬ ಸದ್ದು ಬಂದರೆ ಮೊದಲು ನೋಡಬೇಕಾದದ್ದು ಈ ಜಾಗವನ್ನೇ.

ಸ್ಟೀರಿಯೋದಿಂದ ಆಂಪ್‌ಗೆ ಸಿಗ್ನಲ್ ತರುವ ಆರ್‌ಸಿಎ ಕೇಬಲ್ ಪವರ್ ವೈರ್‌ನ ಪಕ್ಕದಲ್ಲೇ ಓಡದಿರಲಿ. ಒಂದು ಎಡಕ್ಕಾದರೆ ಇನ್ನೊಂದು ಬಲಕ್ಕೆ. ಕಾರಿನ ಜೊತೆಗೇ ಬಂದ ಸ್ಟೀರಿಯೋದಲ್ಲಿ ಆರ್‌ಸಿಎ ಇಲ್ಲದಿದ್ದರೆ ಸ್ಪೀಕರ್ ವೈರ್‌ನ ಸಿಗ್ನಲನ್ನೇ ತೆಗೆದುಕೊಳ್ಳುವ ಹೈ-ಲೆವೆಲ್ ಇನ್‌ಪುಟ್ ಇರುವ ಆಂಪ್ ಕೊಳ್ಳಿ, ಅಥವಾ ಸ್ಪೀಕರ್ ವೈರ್‌ಗೆ ಲೈನ್ ಔಟ್‌ಪುಟ್ ಕನ್ವರ್ಟರ್ ಜೋಡಿಸಿ. ಸ್ಟೀರಿಯೋದಿಂದ ಬರುವ ರಿಮೋಟ್ ವೈರ್ ಆಂಪನ್ನು ಆನ್ ಮಾಡುತ್ತದೆ. ಅದನ್ನು ನೇರವಾಗಿ ಬ್ಯಾಟರಿಗೆ ಕೊಟ್ಟರೆ ಆಂಪ್ ಆಫ್ ಆಗುವುದೇ ಇಲ್ಲ, ಬೆಳಗ್ಗೆ ಕಾರು ಸ್ಟಾರ್ಟ್ ಆಗಲ್ಲ.

ಗೇನ್ ಅಂದರೆ ವಾಲ್ಯೂಮ್ ಅಲ್ಲ

ಗೇನ್ ತಿರುಗಣೆ ಸ್ಟೀರಿಯೋದ ಸಿಗ್ನಲ್‌ಗೂ ಆಂಪ್‌ಗೂ ಹೊಂದಾಣಿಕೆ ಮಾಡಲು ಇರುವುದು. ಅದನ್ನು ಪೂರ್ತಿ ತಿರುಗಿಸಿದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಆಗ ಕಾಯಿಲ್‌ಗೆ ತಡೆಯಲಾರದಷ್ಟು ಪವರ್ ಹೋಗಿ ಅದು ಸುಡುತ್ತದೆ.

ಒಂದು ಮಲ್ಟಿಮೀಟರ್ ಸಾಕು. ಬೇಕಾದ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 400 ಗುಣಿಸು 2 ಅಂದರೆ 800, ವರ್ಗಮೂಲ 28.3 ವೋಲ್ಟ್. ಸಬ್ ವೈರ್ ಬಿಚ್ಚಿ. ಈಕ್ವಲೈಜರ್, ಬಾಸ್ ಬೂಸ್ಟ್ ಎಲ್ಲ ಸೊನ್ನೆಗೆ ತನ್ನಿ. ಗೇನ್ ಪೂರ್ತಿ ಕೆಳಗೆ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲು ಭಾಗ. 0 ಡೆಸಿಬೆಲ್‌ನ 50 ಹರ್ಟ್ಜ್ ಟೆಸ್ಟ್ ಟೋನ್ ಹಾಕಿ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪ್‌ನ ಸ್ಪೀಕರ್ ಟರ್ಮಿನಲ್‌ಗೆ ಹಿಡಿದು, 28 ಬರುವ ತನಕ ಗೇನ್ ಮೆಲ್ಲಗೆ ಏರಿಸಿ. ಮತ್ತೆ ಅದನ್ನು ಮುಟ್ಟಬೇಡಿ. ಅಗ್ಗದ ಮೀಟರ್ ಕೂಡ 50 ಹರ್ಟ್ಜ್‌ನಲ್ಲಿ ಸರಿಯಾಗಿಯೇ ತೋರಿಸುತ್ತದೆ. ಗೋಡೆಯ ಕರೆಂಟ್ ಅಳೆಯಲೆಂದೇ ಮಾಡಿದ್ದಲ್ವಾ.

ಕೇಳುತ್ತಾ ಸರಿಮಾಡುವುದು

ಕೆಳಗಿನ ಸ್ವರಗಳನ್ನು ಮಾತ್ರ ಬಿಡುವ ಲೋ-ಪಾಸ್ ಫಿಲ್ಟರ್ 80 ಹರ್ಟ್ಜ್‌ಗೆ ಇಡಿ. ಬಾಗಿಲಿನ ಸ್ಪೀಕರ್‌ಗಳಿಗೆ ಮೇಲಿನ ಸ್ವರಗಳನ್ನು ಮಾತ್ರ ಬಿಡುವ ಹೈ-ಪಾಸ್ ಕೂಡ ಅಲ್ಲಿಗೇ. ಸಬ್‌ನಲ್ಲಿ ಹಾಡುಗಾರನ ಗಂಟಲು ಕೇಳಿಸುತ್ತಿದ್ದರೆ ಫಿಲ್ಟರ್ ಇನ್ನೂ ಇಳಿಸಿ. ಬಾಸ್ ಡಿಕ್ಕಿಯಿಂದ ಬರುತ್ತಿದೆ ಎಂದು ಗೊತ್ತಾಗಬಾರದು, ಮುಂದಿನಿಂದಲೇ ಬಂದ ಹಾಗೆ ಇರಬೇಕು.

ಆಮೇಲೆ ಫೇಸ್ ಸ್ವಿಚ್. ಸಬ್‌ನ ಅಲೆಯನ್ನು ಬಾಗಿಲಿನ ಸ್ಪೀಕರ್‌ಗಳ ಅಲೆಗೆ ಹೊಂದಿಸಲು ಇರುವುದು ಇದು. ಡ್ರೈವರ್ ಸೀಟಿನಲ್ಲಿ ಕೂತು 80 ಹರ್ಟ್ಜ್ ಟೋನ್ ಹಾಕಿ, ಇನ್ನೊಬ್ಬರಿಂದ 0 ಮತ್ತು 180ರ ನಡುವೆ ಬದಲಿಸಿ ಕೇಳಿ. ಯಾವುದರಲ್ಲಿ ಜೋರಾಗಿದೆಯೋ ಅದು ಸರಿ. ಬಾಕ್ಸನ್ನೂ ಒಮ್ಮೆ ತಿರುಗಿಸಿ ನೋಡಿ. ಸಬ್ ಹಿಂದಕ್ಕೆ ಮುಖ ಮಾಡಿದಾಗ ಬಹಳ ಕಾರುಗಳಲ್ಲಿ ಬಾಸ್ ತುಂಬಿಕೊಳ್ಳುತ್ತದೆ. ಆದರೆ ಇದಕ್ಕೆ ನಿಯಮ ಇಲ್ಲ, ಕಿವಿಯೇ ಹೇಳಬೇಕು.

ಇಷ್ಟೆಲ್ಲ ಆದ ಮೇಲೆ 20ರಿಂದ 80 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಟೋನ್ ಹಾಕಿ ಕಾರಿನ ಸುತ್ತ ಒಂದು ಸುತ್ತು ಬನ್ನಿ. ಡಿಕ್ಕಿ ಮುಚ್ಚಳ ಒಂದು ಸ್ವರಕ್ಕೆ ನಡುಗುತ್ತದೆ, ಹಿಂದಿನ ಪಾರ್ಸೆಲ್ ಟ್ರೇ ಇನ್ನೊಂದಕ್ಕೆ. ದೊಡ್ಡ ತಗಡಿನ ನಡುಭಾಗಕ್ಕೆ ನಡುಕ ತಗ್ಗಿಸುವ ಬ್ಯುಟೈಲ್ ರಬ್ಬರ್ ಶೀಟ್ ಅಂಟಿಸಿ. ಪೂರ್ತಿ ಮುಚ್ಚಬೇಕಿಲ್ಲ, ಕಾಲು ಭಾಗ ಸಾಕು. ಸಂದುಗಳಿಗೆ ಫೋಮ್ ಟೇಪ್ ಹಾಕಿ. ನನ್ನ 40 ಲೀಟರ್ ಬಾಕ್ಸ್ ಮೊದಲ ದಿನ 43 ಹರ್ಟ್ಜ್‌ನಲ್ಲಿ ಟಟಟಟ ಅನ್ನುತ್ತಿತ್ತು. ಸಬ್ ಬಿಚ್ಚಿದೆ, ಸೀಲೆಂಟ್ ಕೆರೆದೆ, ಟರ್ಮಿನಲ್ ಕಪ್ ಬದಲಿಸಿದೆ. ಕೊನೆಗೆ ನೋಡಿದರೆ ಹಿಂದಿನ ನಂಬರ್ ಪ್ಲೇಟ್. ಎರಡು ತುಂಡು ಫೋಮ್ ಅಂಟಿಸಿದೆ, ಸುಮ್ಮನಾಯಿತು.